ಸೊನ್ನೆಯಾದದ್ದು ಬಿಲ್ಲು, ಹೊಗೆಯಲ್ಲ

ತಮ್ಮಾ, ತಂಗೀ, ನಾಳೆ ಮನೆತನ ನಡೆಸುವವರು ನೀವು. ಅದಕ್ಕೇ ಈ ಮಾತು.

2023ರ ಜುಲೈನಿಂದ ಗೃಹಜ್ಯೋತಿ ಬಂದು, 200 ಯೂನಿಟ್ ಮಿತಿಯೊಳಗೆ ಬಹಳಷ್ಟು ಮನೆಗಳ ಹೆಸ್ಕಾಂ ಬಿಲ್ಲು ಸೊನ್ನೆಯಾಯಿತು. ದುಡಿದು ತಿನ್ನುವವರಿಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲು ಸೊನ್ನೆಯಾದರೂ ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆದ್ದರಿಂದ ಬಿಲ್ಲು ಕೈಗೆ ಬಂದಾಗ ರೂಪಾಯಿಗಿಂತ ಮೊದಲು ಯೂನಿಟ್ ನೋಡಿರಿ.

ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ನಮ್ಮ ಬೇಸಿಗೆಯಲ್ಲಿ ದಿನಕ್ಕೆ 10 ತಾಸು ತಿರುಗಿದರೆ ಒಂದೇ ಫ್ಯಾನಿನಿಂದ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿಯುತ್ತದೆ. ಹಳೆಯ ಫ್ಯಾನು ಕೆಟ್ಟಾಗ ಬಿಎಲ್‌ಡಿಸಿಯದನ್ನೇ ನೋಡಿ ತನ್ನಿರಿ.

ಪುಕ್ಕಟೆ ಕರೆಂಟು ಇರುವಾಗ ಸೋಲಾರ್ ಯಾಕೆ ಎಂದು ಊರೂರಲ್ಲಿ ಕೇಳುತ್ತಾರೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಲ್ಲ, ಅಂಥ ಮನೆಯವರು ಮೊದಲು ಯೋಚಿಸಲಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ ಸಬ್ಸಿಡಿ ಇದೆ. ಬಯಲುಸೀಮೆಯ ಬಿಸಿಲಿಗೆ ಅಷ್ಟು ಸೋಲಾರ್ ತಿಂಗಳಿಗೆ 240 ಯೂನಿಟ್ ಆಸುಪಾಸು ಕೊಡುತ್ತದೆ. ಹಗಲೆಲ್ಲ ಮಂದಿ ಮನೆಯಲ್ಲೇ ದುಡಿಯುವ ಬನಹಟ್ಟಿ, ರಬಕವಿಯ ನೇಕಾರರಿಗೆ ಹಗಲಿನ ಈ ಕರೆಂಟು ಹೇಳಿ ಮಾಡಿಸಿದ್ದು.

ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಮನೆತನದವರಿಗೆ ಇನ್ನೊಂದು ಮಾತು. ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚಬೇಡಿರಿ. ಕಾರ್ಖಾನೆಯವರು ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾಡಿ ಮಾರುತ್ತಾರೆ. ನಾವು ರವದಿ ಸುಟ್ಟರೆ ಹೊಗೆಯೊಂದೇ ಉಳಿಯುತ್ತದೆ, ನೆಲದ ಸತ್ವವೂ ಹೋಗುತ್ತದೆ. ಸಾಲಿನ ನಡುವೆ ಹಾಸಿ ಬಿಟ್ಟರೆ ತೇವ ನಿಲ್ಲುತ್ತದೆ, ಪಂಪ್‌ಸೆಟ್ ಓಡಿಸುವುದೂ ಕಡಿಮೆಯಾಗುತ್ತದೆ. ದನ ಕಟ್ಟಿದವರು ಹಿತ್ತಲಲ್ಲಿ ಗೋಬರ್ ಗ್ಯಾಸ್ ಮಾಡಿಕೊಂಡರೆ ಸಿಲಿಂಡರೂ ಉಳಿಯುತ್ತದೆ, ಅಡುಗೆಮನೆಯಲ್ಲಿ ತಾಯಂದಿರು ಹೊಗೆ ಕುಡಿಯುವುದೂ ತಪ್ಪುತ್ತದೆ.

ಮನೆಯೊಳಗಿನದು ನಿಮ್ಮ ಕೈಯಲ್ಲಿದೆ, ಊರಿನದು ಕೇಳಿ ಪಡೆಯಬೇಕಾದದ್ದು. ಹಾಡಹಗಲೇ ಬೀದಿದೀಪ ಯಾಕೆ ಉರಿಯುತ್ತಿವೆ, ಶಾಲೆಯ ಚಾವಣಿಗೆ ಸೋಲಾರ್ ಯಾವಾಗ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಉತ್ತರ ಬರುವ ತನಕ ಬಿಡಬೇಡಿರಿ.