ನೋವನ್ನು ತಾಳುವ ಶಕ್ತಿ

"ಗಂಡಸಾಗಿ ಇಷ್ಟು ನೋವಿಗೆ ಅಳುವುದೇ?" ಎಂಬ ಮಾತನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ನೋವನ್ನು ತಾಳುವುದು ಕೇವಲ ಧೈರ್ಯದ ವಿಷಯವೆಂದು ಇದರ ಭಾವ. ಆದರೆ ಈ ಶಕ್ತಿಯು ನಮ್ಮ ನಿದ್ರೆ, ನಡೆದಾಟ, ಆಹಾರಗಳೊಡನೆಯೂ ಸಂಬಂಧವುಳ್ಳದ್ದೆಂದರೆ ವಾಚಕರಿಗೆ ಸೋಜಿಗವಾದೀತು.

ನಾರ್ವೆ ದೇಶದ ಉತ್ತರದಲ್ಲಿ ಟ್ರೊಮ್ಸೊ ಎಂಬ ಪಟ್ಟಣವಿದೆ. ಅಲ್ಲಿ 1974ರಲ್ಲಿ ಒಂದು ದೊಡ್ಡ ಆರೋಗ್ಯ ಸಮೀಕ್ಷೆ ಆರಂಭವಾಯಿತು. ಮೊದಲ ಸುತ್ತಿಗೆ ಪುರುಷರನ್ನು ಮಾತ್ರ ಕರೆದಿದ್ದರು. ಹೃದ್ರೋಗದಿಂದ ಸಾಯುವ ಗಂಡಸರು ಆ ಪ್ರಾಂತದಲ್ಲಿ ಅಷ್ಟು ಹೆಚ್ಚಾಗಿದ್ದರು. 2007–08ರ ಸುತ್ತಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಸ್ತ್ರೀಪುರುಷರು 3 ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ ಕೈಯನ್ನು ಅದ್ದಿದರು. 106 ಸೆಕೆಂಡುಗಳವರೆಗೆ ಕೈಯನ್ನು ತೆಗೆಯದಿರಬೇಕು. ತಾಳಲಾರದವರು ಮೊದಲೇ ತೆಗೆಯಬಹುದು. ಸರಾಸರಿಯಲ್ಲಿ ಪುರುಷರೇ ಹೆಚ್ಚು ಹೊತ್ತು ತಾಳಿದರೆಂಬುದು ನಿಜ. ಆದರೆ ಮೀಸೆ ತಿರುವುವ ಮುನ್ನ ಮುಂದಿನ ಅಂಕಿಗಳನ್ನು ನೋಡೋಣ. ನಿದ್ರಾಹೀನತೆಯುಳ್ಳವರಲ್ಲಿ ನೂರಕ್ಕೆ 42 ಮಂದಿ ಅವಧಿಗೆ ಮೊದಲೇ ಕೈ ತೆಗೆದರು; ಆ ತೊಂದರೆಯಿಲ್ಲದವರಲ್ಲಿ 31 ಮಂದಿ ಮಾತ್ರ. 2023ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ಕಠಿಣ ವ್ಯಾಯಾಮ ಮಾಡುವವರು ಕುಳಿತೇ ಕಾಲ ಕಳೆಯುವವರಿಗಿಂತ ಸುಮಾರು 16 ಸೆಕೆಂಡು ಹೆಚ್ಚು ತಾಳಿದರು. ಇಷ್ಟರಿಂದಲೇ ವ್ಯಾಯಾಮವು ಕಾರಣವೆಂದು ಸಿದ್ಧವಾಗದು. ನೋವು ಹೆಚ್ಚಾಗಿರುವವನು ವ್ಯಾಯಾಮವನ್ನೇ ಬಿಟ್ಟಿರಬಹುದಷ್ಟೆ!

ಇದರಲ್ಲಿ ಬೊಜ್ಜಿನ ಪಾತ್ರವೂ ಉಂಟು. ಕೊಬ್ಬಿನ ಕಣಜಾಲವು ಬರಿಯ ಉಗ್ರಾಣವಲ್ಲ; ಅದು ಅತಿಯಾಗಿ ಬೆಳೆದಾಗ ಉರಿಯೂತವನ್ನು ಉಂಟುಮಾಡುವ ವಸ್ತುಗಳನ್ನು ರಕ್ತಕ್ಕೆ ಸ್ರವಿಸುವುದು. ಇವು ನೋವಿನ ನರಗಳನ್ನು ಸುಲಭವಾಗಿ ಕೆರಳುವಂತೆ ಮಾಡಬಲ್ಲವು. ಸ್ಥೂಲಕಾಯರಲ್ಲಿ ಮಂಡಿಯ ಸಂಧಿವಾತ ಹೆಚ್ಚೆಂಬುದನ್ನು ದೇಹದ ಭಾರದಿಂದ ವಿವರಿಸಬಹುದು. ಆದರೆ ಭಾರವನ್ನು ಹೊರದ ಕೈಬೆರಳುಗಳ ಸಂಧಿವಾತವೂ ಅವರಲ್ಲಿ ಹೆಚ್ಚಾಗಿರುವುದನ್ನು ಹೇಗೆ ವಿವರಿಸೋಣ?

ಹಾಗಾದರೆ ನೋವು ಕಡಿಮೆಯಾದಷ್ಟೂ ಆರೋಗ್ಯವೆನ್ನಬಹುದೆ? ಖಂಡಿತ ಇಲ್ಲ. ರಕ್ತದ ಒತ್ತಡ ಏರಿದವರಲ್ಲಿ ನೋವಿನ ಅರಿವು ಹಲವು ವೇಳೆ ತಗ್ಗಿರುವುದು. ಮಧುಮೇಹದಲ್ಲಿ ರಕ್ತದ ಸಕ್ಕರೆಯು ವರ್ಷಗಟ್ಟಲೆ ಮಿತಿಮೀರಿದ್ದರೆ ನರತಂತುಗಳೇ ಹಾಳಾಗುತ್ತವೆ. ಮೊದಮೊದಲು ಪಾದದಲ್ಲಿ ಉರಿ, ಜುಮ್ಮೆನ್ನುವಿಕೆ. ಬಳಿಕ ಅರಿವೇ ಇಲ್ಲ. ಅಂಥವರಿಗೆ ಎದೆನೋವಿಲ್ಲದೆಯೇ ಹೃದಯಾಘಾತವಾಗುವುದೂ ಉಂಟು. "ನನಗೆ ನೋವೇ ಆಗುವುದಿಲ್ಲ" ಎಂದು ಹೆಮ್ಮೆಪಡುವವನು ನಿಜವಾಗಿ ರೋಗಿಯಾಗಿರಬಹುದು.

ಇದನ್ನು ಕಂಡುಹಿಡಿಯಲು ವೈದ್ಯರು ಒಂದು ನೈಲಾನ್ ಎಳೆಯನ್ನು ಬಳಸುತ್ತಾರೆ. 10 ಗ್ರಾಂ ಭಾರದಷ್ಟು ಒತ್ತಿದರೆ ಅದು ಬಾಗುವುದು. ರೋಗಿಯು ಕಣ್ಣು ಮುಚ್ಚಿರುವಾಗ ಅದನ್ನು ಅಂಗಾಲಿನ ಹಲವೆಡೆ ಒತ್ತಿ, ತಾಗಿತೇ ಎಂದು ಕೇಳುವರು. ಎಳೆ ಬಾಗಿದರೂ ತಾಗಿದ್ದು ತಿಳಿಯದಿದ್ದರೆ, ಆ ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯದೆ ಹೋಗಬಹುದು. ಗಾಯವು ಕೊಳೆತು ಬೆರಳನ್ನೇ ಕತ್ತರಿಸಬೇಕಾದ ಸಂದರ್ಭಗಳೂ ಉಂಟು.