ಕಣ್ಣಿನ ಕೆಳಗಣ ಚೀಲ ಮತ್ತು ಕಪ್ಪು: ಲೇಪವೆಲ್ಲಿಯವರೆಗೆ, ಶಸ್ತ್ರವೆಲ್ಲಿಂದ?

ಮಹಾನಗರದ ಕನ್ನಡಿಗನು ರಜೆಗೆಂದು ಊರಿಗೆ ಹೋದಾಗ ಹಿರಿಯರು ಮೊದಲು ನೋಡುವುದು ಅವನ ಕಣ್ಣನ್ನೇ. ಕಣ್ಣು ಗುಳಿಬಿದ್ದಿದೆ, ಸುತ್ತ ಕಪ್ಪು ಕಟ್ಟಿದೆ, ನಿದ್ದೆಯಿಲ್ಲವೇ, ಊಟ ಸರಿಯಾಗಿಲ್ಲವೇ ಎಂಬ ಪ್ರಶ್ನೆಗಳು ಕಾಲು ತೊಳೆಯುವುದಕ್ಕೆ ಮೊದಲೇ ಬರುತ್ತವೆ. ನಸುಕಿನ ಲೋಕಲ್ ಗಾಡಿ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವನಿಗೆ ನಿದ್ದೆ ಸಾಲದೆಂಬುದು ನಿಜವೇ. ಆದರೆ ನಿದ್ರಾಭಂಗವೊಂದೇ ಕಾರಣವಾಗಿದ್ದ ಪಕ್ಷದಲ್ಲಿ, ಊರಿನಲ್ಲಿ ಎಂಟು ದಿನ ಹೊಟ್ಟೆತುಂಬ ಉಂಡು ಕಣ್ತುಂಬ ಮಲಗಿದವರ ಮುಖವೆಲ್ಲ ತಿಳಿಯಾಗಬೇಕಾಗಿತ್ತು. ಬಹುಮಂದಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಆಗ ಅವರು ಔಷಧದಂಗಡಿಗೆ ಹೋಗಿ ‘ಕಣ್ಣಿನ ಕೆಳಗಿನದಕ್ಕೆ’ ಒಂದು ಲೇಪವನ್ನು ಕೇಳುತ್ತಾರೆ.

ತೊಡಕು ಆರಂಭವಾಗುವುದು ಇಲ್ಲಿಯೇ. ಕಣ್ಣಿನ ಕೆಳಗೆ ಕಾಣುವುದು ಒಂದು ದೋಷವಲ್ಲ. ಉಬ್ಬು ಬೇರೆ, ಕಪ್ಪು ಬೇರೆ. ಕಪ್ಪಿನಲ್ಲಿಯೂ ಬಣ್ಣದ ಕಪ್ಪು ಬೇರೆ, ರಕ್ತನಾಳದ ಕಪ್ಪು ಬೇರೆ, ಕೇವಲ ನೆರಳಿನ ಕಪ್ಪು ಬೇರೆ. ಒಂದಕ್ಕೆ ತಕ್ಕ ಚಿಕಿತ್ಸೆ ಇನ್ನೊಂದಕ್ಕೆ ನಿಷ್ಪ್ರಯೋಜಕ. ಉಬ್ಬಿದ ಚೀಲವನ್ನು ಲೇಪವು ಕರಗಿಸಲಾರದು. ಚರ್ಮದಲ್ಲಿರುವ ಕಂದು ಬಣ್ಣವನ್ನು ಶಸ್ತ್ರವೈದ್ಯನ ಚಾಕು ತೆಗೆಯಲಾರದು. ಖರ್ಚನ್ನು ತಪ್ಪು ಖಾತೆಗೆ ಬರೆದರೆ ಎಷ್ಟು ಕೂಡಿದರೂ ಲೆಕ್ಕ ತಾಳೆಯಾಗದು.

ರೆಪ್ಪೆಯ ಚರ್ಮವು ಇಡೀ ದೇಹದಲ್ಲಿಯೇ ಅತ್ಯಂತ ತೆಳುವಾದುದು; ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಅಡಿಯಲ್ಲಿ ಕಣ್ಣು ಮುಚ್ಚುವ ಉಂಗುರದಾಕಾರದ ಸ್ನಾಯುವಿದೆ. ಸ್ನಾಯುವಿನ ಹಿಂದೆ ಒಂದು ತೆಳುವಾದ ಪರದೆ. ಆ ಪರದೆಯ ಹಿಂದೆ, ಅಕ್ಷಿಗೋಲಕ್ಕೆ ಹಾಸಿಗೆಯಂತೆ ಇರುವ ಕೊಬ್ಬು. ಈ ಕೊಬ್ಬು ಬೇರೆ ಬೇರೆ ಅರೆಗಳಲ್ಲಿ ಕುಳಿತಿದೆಯೆಂಬುದನ್ನು ಅಮೆರಿಕದ ಶಸ್ತ್ರವೈದ್ಯ ಕಾಸ್ತನ್ಯಾರೆಸ್ 1951ರಲ್ಲಿ ವಿವರಿಸಿದರು. ಕೆಳರೆಪ್ಪೆಯಲ್ಲಿ ಅಂಥವು ಮೂರು: ಮೂಗಿನ ಕಡೆಗೆ ಒಂದು, ನಡುವೆ ಒಂದು, ಕಿವಿಯ ಕಡೆಗೆ ಒಂದು. ವಯಸ್ಸು ಏರಿದಂತೆ ಪರದೆ ಸಡಿಲಗೊಂಡು ಹಿಂದಿನ ಕೊಬ್ಬು ಮುಂದಕ್ಕೆ ಬಾಗುತ್ತದೆ. ಇದೇ ‘ಚೀಲ’. ಕೆಲವು ಮನೆತನಗಳಲ್ಲಿ ಇದು ಇಪ್ಪತ್ತೈದು ವರ್ಷಕ್ಕೇ ಕಾಣಿಸಿಕೊಳ್ಳುವುದುಂಟು. ಅದೇ ಕಾಲಕ್ಕೆ ಕೆನ್ನೆಯ ಮೇಲ್ಭಾಗದ ತುಂಬು ಕುಗ್ಗಿ, ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಓರೆಯಾಗಿ ಒಂದು ಕಾಲುವೆ ಮೂಡುತ್ತದೆ. ಮೇಲೆ ದಿಣ್ಣೆ, ಕೆಳಗೆ ಹಳ್ಳ; ನೆತ್ತಿಯ ಮೇಲಿನ ದೀಪ ಹೊತ್ತಿತೆಂದರೆ ಹಳ್ಳದಲ್ಲಿ ನೆರಳು ಬೀಳದೆ ಇನ್ನೇನಾದೀತು? ಕಚೇರಿಯ ಬೆಳಕಿನಲ್ಲಿ ಎಲ್ಲರೂ ದಣಿದವರಂತೆ ಕಾಣುವುದಕ್ಕೆ ಕೆಲಸವೊಂದೇ ಕಾರಣವಲ್ಲ.

ತನ್ನದು ಯಾವ ಬಗೆ ಎಂಬುದನ್ನು ಸ್ಥೂಲವಾಗಿ ತಿಳಿಯಲು ಒಂದು ಕೈಗನ್ನಡಿ ಮತ್ತು ಕಿಟಕಿಯ ಬೆಳಕು ಸಾಕು. ಕೆಳರೆಪ್ಪೆಯ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಎಳೆದಾಗ ಕಂದು ಬಣ್ಣ ಇದ್ದಂತೆಯೇ ಉಳಿದರೆ ಅದು ಚರ್ಮದ ವರ್ಣದ್ರವ್ಯ. ಎಳೆದಾಗ ನೀಲಿ ಅಥವಾ ನೇರಳೆ ಛಾಯೆ ಹೆಚ್ಚಾದರೆ ತೆಳುಚರ್ಮದಡಿಯ ಸ್ನಾಯುವೂ ರಕ್ತನಾಳಗಳೂ ಹೊರಗೆ ಕಾಣುತ್ತಿವೆ. ಮುಖವನ್ನು ಬೆಳಕಿನತ್ತ ಎತ್ತಿ ಹಿಡಿದೊಡನೆ ಕಪ್ಪು ಮಾಯವಾದರೆ ಅದು ಬರಿಯ ನೆರಳು. ಉಬ್ಬಿನ ಪರೀಕ್ಷೆಯೂ ಕಠಿಣವಲ್ಲ. ತಲೆಯನ್ನು ಅಲುಗಿಸದೆ ದೃಷ್ಟಿಯನ್ನು ಮಾತ್ರ ಮೇಲಕ್ಕೆತ್ತಿದಾಗ ಚೀಲ ಎದ್ದು ಕಂಡರೆ ಅದು ಕೊಬ್ಬು. ಬೆಳಿಗ್ಗೆ ಹೆಚ್ಚಾಗಿದ್ದು ಮಧ್ಯಾಹ್ನಕ್ಕೆ ಇಳಿಯುವಂಥದು ನೀರು. ಭಾರತೀಯರಲ್ಲಿ ಸಾಮಾನ್ಯವಾಗಿ ಎರಡು ಮೂರು ಬಗೆಗಳು ಕೂಡಿಯೇ ಇರುತ್ತವೆಯಾದ್ದರಿಂದ ಕನ್ನಡಿಯ ತೀರ್ಪನ್ನು ಅಂತಿಮವೆಂದು ಭಾವಿಸದೆ ಚರ್ಮವೈದ್ಯರ ಕಣ್ಣಿಗೆ ಬಿಡುವುದು ಲೇಸು.

ಈ ನೀರಿನ ಉಬ್ಬನ್ನು ಕುರಿತು ವಾಚಕರು ವಿಶೇಷ ಗಮನವೀಯಬೇಕು. ಪ್ರತಿದಿನ ಮುಂಜಾನೆ ಎರಡೂ ಕಣ್ಣುಗಳ ಸುತ್ತ ಊತ, ಮೂತ್ರದಲ್ಲಿ ನೊರೆ, ಸಂಜೆಗೆ ಕಾಲು ಬಾವು — ಇವು ಕೂಡಿ ಬಂದರೆ ಮೂತ್ರಪಿಂಡಗಳು ಪ್ರೋಟೀನನ್ನು ಸೋರಿಸುತ್ತಿರಬಹುದು. ಮೈ ತೂಕವೇರಿ, ಚಳಿ ತಾಳದೆ, ಮಲಬದ್ಧತೆಯೊಡನೆ ಮುಖ ಉಬ್ಬಿದರೆ ಥೈರಾಯ್ಡ್ ಗ್ರಂಥಿಯ ಕೊರತೆಯನ್ನು ಶಂಕಿಸಬೇಕು. ಒಂದೇ ಕಣ್ಣು ಊದಿ, ಕೆಂಪಾಗಿ, ನೋವು ಜ್ವರಗಳಿದ್ದರೆ ಅದು ಸೋಂಕು. ಅಂದೇ ವೈದ್ಯರನ್ನು ಕಾಣತಕ್ಕದ್ದು. ಒಂದು ಮೂತ್ರಪರೀಕ್ಷೆ ಹಾಗೂ ಒಂದು ರಕ್ತಪರೀಕ್ಷೆಗೆ ತಗಲುವ ವೆಚ್ಚ ಒಂದು ಬೆಲೆಬಾಳುವ ಲೇಪದ ಡಬ್ಬಿಗಿಂತ ಹೆಚ್ಚಿರಲಾರದು. ಆದರೂ ಜನ ಡಬ್ಬಿಯನ್ನೇ ಮೊದಲು ಕೊಳ್ಳುತ್ತಾರೆ.

ಇನ್ನು ಕಪ್ಪಿನ ಕಾರಣಗಳು. ವಂಶಪಾರಂಪರ್ಯವೇ ಇವುಗಳಲ್ಲಿ ಮುಖ್ಯ. ಮೂಗಿನ ಅಲರ್ಜಿಯುಳ್ಳವರು ಕಣ್ಣನ್ನು ಸದಾ ಉಜ್ಜುತ್ತಿರುತ್ತಾರೆ. ಉಜ್ಜಿದ ಚರ್ಮ ತನ್ನ ರಕ್ಷಣೆಗಾಗಿ ಬಣ್ಣವನ್ನು ಹೆಚ್ಚು ತಯಾರಿಸುತ್ತದೆ. ತಲೆಗೆ ಹಚ್ಚುವ ಬಣ್ಣ, ಕನ್ನಡಕದ ಲೋಹ, ಪೇಟೆಯ ಕಾಡಿಗೆ ಇವುಗಳೂ ಕೆಲವರಿಗೆ ಒಗ್ಗುವುದಿಲ್ಲ. ಕೆಲವು ಸುರ್ಮಾಗಳಲ್ಲಿ ಸೀಸದ ಅಂಶವಿರುವುದು ಪರೀಕ್ಷೆಗಳಿಂದ ಸಿದ್ಧಪಟ್ಟಿದೆ. ಮಕ್ಕಳ ಕಣ್ಣಿಗೆ ಅದನ್ನು ತೀಡುವ ಪದ್ಧತಿ ತಪ್ಪಬೇಕು. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡಾಗ ಕಪ್ಪು ಇನ್ನಷ್ಟು ಎದ್ದು ಕಾಣುತ್ತದೆ. ಗ್ಲಾಕೋಮಾ ರೋಗಕ್ಕೆ ಹಾಕುವ ಲ್ಯಾಟನೊಪ್ರೊಸ್ಟ್, ಬೈಮ್ಯಾಟೊಪ್ರೊಸ್ಟ್ ಮೊದಲಾದ ಹನಿಗಳಿಂದಲೂ ರೆಪ್ಪೆ ಕಪ್ಪಾಗುವುದುಂಟು. ಆದರೆ ದೃಷ್ಟಿನರವನ್ನು ಕಾಯುವ ಆ ಹನಿಯನ್ನು ರೂಪಕ್ಕಾಗಿ ತಾವಾಗಿಯೇ ನಿಲ್ಲಿಸುವುದು ಅವಿವೇಕ. ವೈದ್ಯರಿಗೆ ಹೇಳಿದರೆ ಬದಲಿ ಹನಿಯ ವಿಚಾರ ಮಾಡಿಯಾರು.

ಶಸ್ತ್ರವಿಲ್ಲದ ಚಿಕಿತ್ಸೆಗಳಲ್ಲಿ ಮನೆಯವೇ ಮೊದಲು. ತಣ್ಣೀರಿನ ಬಟ್ಟೆ ಹತ್ತು ನಿಮಿಷ, ತಲೆಗೆ ಇನ್ನೊಂದು ದಿಂಬು, ಉಪ್ಪಿನಲ್ಲಿ ಹಿಡಿತ. ನೀರಿನ ಉಬ್ಬಿಗೆ ಇಷ್ಟು ಸಾಕಾಗುವುದುಂಟು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿನಿಂದ ಬರುವ ಉಪ್ಪಿನಕಾಯಿ ಭರಣಿ, ಹಪ್ಪಳ ಸಂಡಿಗೆಗಳು ಈ ಲೆಕ್ಕಕ್ಕೆ ಒಗ್ಗುವುದು ಕಷ್ಟ. ಸೌತೆಕಾಯಿಯ ಬಿಲ್ಲೆಯಿಂದ ದೊರೆಯುವುದು ಅದರ ತಂಪು ಮಾತ್ರ. ಕೋಸಂಬರಿಯಲ್ಲಿ ಅದಕ್ಕೆ ಹೆಚ್ಚಿನ ಸಾರ್ಥಕ್ಯವಿದೆ. ನಿಂಬೆರಸವನ್ನಂತೂ ಕಣ್ಣಿನ ಬಳಿಗೆ ತರಲೇಬಾರದು: ಅದು ಚರ್ಮವನ್ನು ಸುಟ್ಟು ಕಪ್ಪನ್ನು ಹೆಚ್ಚಿಸುತ್ತದೆ.

ವರ್ಣದ್ರವ್ಯದ ಕಪ್ಪಿಗೆ ಬಿಸಿಲುತಡೆ ಲೇಪವೇ ಆಧಾರ. ಅದಿಲ್ಲದೆ ಉಳಿದವು ಸೋರುವ ಕೊಡಕ್ಕೆ ನೀರು ತುಂಬಿದಂತೆ. ವಿಟಮಿನ್ ಸಿ, ಕೋಜಿಕ್ ಆಮ್ಲ, ರೆಟಿನಾಲ್, ವೈದ್ಯರ ಮೇಲ್ವಿಚಾರಣೆಯಲ್ಲಿ ಹೈಡ್ರೊಕ್ವಿನೋನ್ — ಇವು ಕೆಲಮಟ್ಟಿಗೆ ತಿಳಿಗೊಳಿಸುತ್ತವೆ. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು, ಪೂರ್ಣ ಬಿಳುಪನ್ನು ಯಾವ ಪ್ರಾಮಾಣಿಕ ವೈದ್ಯರೂ ವಾಗ್ದಾನ ಮಾಡರು.

ಅಪಾಯವಿರುವುದು ಸ್ಟೀರಾಯ್ಡ್ ಬೆರೆತ ಲೇಪಗಳಲ್ಲಿ. ಅಂಗಡಿಯವನು ‘ಎಲ್ಲರೂ ಒಯ್ಯುತ್ತಾರೆ’ ಎಂದು ಕೊಡುವ ಲೇಪ ಮೊದಲ ಎರಡು ವಾರ ಮುಖವನ್ನು ಬೆಳಗಿಸುತ್ತದೆ, ಅದರಿಂದಲೇ ಜನ ಮೋಸಹೋಗುವುದು. ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಕಾಗದದಂತಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ. ಕಣ್ಣಿನೊಳಗೆ ಒತ್ತಡವೇರಿ ಗ್ಲಾಕೋಮಾ ಉಂಟಾಗಬಹುದು, ಕಣ್ಣಿನ ಪೊರೆಯೂ ಬರಬಹುದು. ಇಂಥ ಅನೇಕ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿತು. ನಿಯಮ ಕಾಗದದ ಮೇಲಿದೆ. ಲೇಪ ಗಲ್ಲಾದ ಮೇಲಿದೆ. ಪಾದರಸ ಬೆರೆತ ಬಿಳುಪು ಲೇಪಗಳ ಕಥೆ ಇನ್ನೂ ಕ್ರೂರವಾದುದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥವನ್ನು ಬಳಸಿದವರಲ್ಲಿ ಮೂತ್ರಪಿಂಡದ ರೋಗ ಕಾಣಿಸಿಕೊಂಡುದನ್ನು ಅಲ್ಲಿನ ವೈದ್ಯರು 2023ರಲ್ಲಿ ಬಯಲಿಗೆ ತಂದರು. ಕಪ್ಪು ಕಳೆಯಲೆಂದು ಹಚ್ಚಿದ್ದು ಕಡೆಗೆ ಕಣ್ಣಿನ ಸುತ್ತ ಊತವನ್ನೇ ತಂದೀತು.

ಲಘು ಆಮ್ಲದಿಂದ ಮೇಲ್ಚರ್ಮವನ್ನು ಸುಲಿಯುವ ಕ್ರಮವೂ ಲೇಸರ್ ಕಿರಣಗಳೂ ಬಳಕೆಯಲ್ಲಿವೆ. ಅಮೆರಿಕದ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಚರ್ಮವನ್ನು ಬಿಸಿಲಿಗೆ ಅದು ತೋರುವ ಪ್ರತಿಕ್ರಿಯೆಯಂತೆ ವಿಂಗಡಿಸಿದರು. ಮುಂದೆ ವಿಸ್ತರಿಸಿ ಆರು ವರ್ಗಗಳಾದ ಆ ಪಟ್ಟಿಯಲ್ಲಿ ಬಹುತೇಕ ಭಾರತೀಯರು ನಾಲ್ಕು, ಐದನೆಯವುಗಳಲ್ಲಿ ಬರುತ್ತಾರೆ. ಇಂಥ ಚರ್ಮಕ್ಕೆ ಕಿರಣದ ಬಿಸಿ ತುಸು ಹೆಚ್ಚಾದರೂ ಗಾಯ ಮಾಗಿದ ಜಾಗ ಹಿಂದಿಗಿಂತ ಕಪ್ಪಾಗುತ್ತದೆ. ಬಿಳಿಯ ಚರ್ಮದ ಛಾಯಾಚಿತ್ರಗಳನ್ನು ತೋರಿಸಿ ಹಣ ಕೇಳುವ ಕ್ಲಿನಿಕ್ಕಿನಲ್ಲಿ, ಕಂದು ಚರ್ಮದವರ ಚಿತ್ರಗಳನ್ನು ತೋರಿಸಿರೆಂದು ಕೇಳುವುದು ಅಸಭ್ಯವೇನಲ್ಲ.

ಹಳ್ಳವನ್ನು ತುಂಬುವ ಚುಚ್ಚುಮದ್ದಿನಲ್ಲಿರುವುದು ಹಯಲುರೋನಿಕ್ ಆಮ್ಲ. ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬಿಬ್ಬರು ಅದನ್ನು 1934ರಲ್ಲಿ ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನೊಳಗಣ ಲೋಳೆಯಿಂದ. ಈಗ ಸೂಕ್ಷ್ಮಜೀವಿಗಳ ಮೂಲಕ ತಯಾರಾಗುವ ಆ ಲೋಳೆಯನ್ನು ಕಾಲುವೆಯಲ್ಲಿ ತುಂಬಿದಾಗ ನೆರಳಿನ ಕಪ್ಪು ಅಂದೇ ಕಡಿಮೆಯಾಗುತ್ತದೆ. ಒಂದು ವರ್ಷದ ಆಸುಪಾಸು, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ಬೇಡವಾದರೆ ಹಯಲುರೋನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಆದರೆ ನೀರನ್ನು ಹೀರುವ ಗುಣ ಅದಕ್ಕಿರುವುದರಿಂದ ದೊಡ್ಡ ಚೀಲಗಳಿದ್ದವರಿಗೆ ಉಬ್ಬು ಹೆಚ್ಚುವುದುಂಟು. ಚರ್ಮಕ್ಕೆ ತೀರ ಸಮೀಪದಲ್ಲಿ ತುಂಬಿದರೆ ನೀಲಿಛಾಯೆ ಮೂಡುತ್ತದೆ. ಎಲ್ಲಕ್ಕಿಂತ ಘೋರವಾದುದು, ಸೂಜಿಯ ತುದಿ ರಕ್ತನಾಳವನ್ನು ಹೊಕ್ಕು ಲೋಳೆಯು ಅಕ್ಷಿಪಟಲದ ನಾಳವನ್ನು ಮುಚ್ಚಿದರೆ ಆಗುವ ಅಂಧತ್ವ. ಇದು ವಿರಳ, ಆದರೆ ಆದುದು ಮರಳಿ ಸರಿಯಾಗುವುದು ಇನ್ನೂ ವಿರಳ. ಸೌಂದರ್ಯಗೃಹಗಳಲ್ಲಿ, ವೈದ್ಯರಲ್ಲದವರ ಕೈಯಲ್ಲಿ ಈ ಚುಚ್ಚುಮದ್ದನ್ನು ಎಂದಿಗೂ ತೆಗೆದುಕೊಳ್ಳಕೂಡದು.

ಕೊಬ್ಬಿನ ಚೀಲಕ್ಕೆ ಸ್ಥಿರವಾದ ಉಪಾಯ ಶಸ್ತ್ರಚಿಕಿತ್ಸೆ. ಪ್ಯಾರಿಸ್ಸಿನ ಬೂರ್ಗೆ 1924ರಲ್ಲಿ ರೆಪ್ಪೆಯ ಒಳಮೈಯಿಂದ ಕೊಯ್ದು ಕೊಬ್ಬನ್ನು ತೆಗೆಯುವ ಮಾರ್ಗವನ್ನು ವರ್ಣಿಸಿದರು. ಹೊರಗೆ ಕಲೆ ಉಳಿಯದ ಈ ಮಾರ್ಗ ಚರ್ಮ ಬಿಗಿಯಾಗಿರುವ ಕಿರಿಯರಿಗೆ ಒಪ್ಪುತ್ತದೆ. ಚರ್ಮ ಜೋತುಬಿದ್ದವರಿಗೆ ರೆಪ್ಪೆಗೂದಲ ಕೆಳಗೇ ಕೊಯ್ದು ಹೆಚ್ಚಿನ ಚರ್ಮವನ್ನೂ ತೆಗೆಯುತ್ತಾರೆ. ಹಿಂದೆ ಕೊಬ್ಬನ್ನು ಧಾರಾಳವಾಗಿ ತೆಗೆಯುತ್ತಿದ್ದರು. ಹತ್ತು ಹದಿನೈದು ವರ್ಷಗಳ ಬಳಿಕ ಅವರಲ್ಲಿ ಹಲವರ ಕಣ್ಣು ಗುಳಿಬಿದ್ದು ಇನ್ನಷ್ಟು ಮುಪ್ಪು ಕಾಣಿಸಿತು. ಬ್ರೆಜಿಲ್ಲಿನ ಲೋಬ್ 1981ರಲ್ಲಿ, ಅಮೆರಿಕದ ಹ್ಯಾಮ್ರಾ 1995ರಲ್ಲಿ ತೋರಿಸಿದ ದಾರಿಯಂತೆ, ದಿಣ್ಣೆಯ ಕೊಬ್ಬನ್ನು ಎಸೆಯದೆ ಹಳ್ಳಕ್ಕೆ ಸರಿಸಿ ಹೊಲಿಯುವ ಕ್ರಮ ಈಗ ರೂಢಿಗೆ ಬಂದಿದೆ. ಇದ್ದುದನ್ನೇ ಇದ್ದಲ್ಲಿ ಹೊಂದಿಸುವ ಈ ಜಾಣ್ಮೆ ಮೆಚ್ಚತಕ್ಕದ್ದು.

ಶಸ್ತ್ರಕ್ರಿಯೆಗೆ ಒಂದೆರಡು ಗಂಟೆ ಹಿಡಿಯುತ್ತದೆ. ಅನೇಕವೇಳೆ ಸ್ಥಳೀಯ ಅರಿವಳಿಕೆಯೇ ಸಾಕು. ಹೊರಗಿನ ಹೊಲಿಗೆ ವಾರದೊಳಗೆ ಬಿಚ್ಚುತ್ತಾರೆ, ಹೆಪ್ಪುಗಟ್ಟಿದ ನೀಲಿ ಹತ್ತು ಹದಿನಾಲ್ಕು ದಿನಕ್ಕೆ ಮಾಸುತ್ತದೆ. ಕಣ್ಣು ಒಣಗುವ ತೊಂದರೆಯುಳ್ಳವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಥೈರಾಯ್ಡಿನಿಂದ ಕಣ್ಣು ಉಬ್ಬುತ್ತಿರುವವರು ಕಾಯಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ನನ್ನು ಹೃದ್ರೋಗ ತಜ್ಞರ ಅಪ್ಪಣೆಯಿಲ್ಲದೆ ನಿಲ್ಲಿಸಬಾರದು. ಚರ್ಮವನ್ನು ಹೆಚ್ಚು ತೆಗೆದರೆ ಕೆಳರೆಪ್ಪೆ ಹೊರಕ್ಕೆ ಮಗುಚಿಕೊಳ್ಳುತ್ತದೆ. ಕಣ್ಣಿನ ಹಿಂದೆ ರಕ್ತಸ್ರಾವವಾಗುವುದು ಸುಮಾರು 2,000ಕ್ಕೆ ಒಂದು, ಅದರಿಂದ ದೃಷ್ಟಿ ಶಾಶ್ವತವಾಗಿ ಹೋಗುವುದು ಸುಮಾರು 22,000ಕ್ಕೆ ಒಂದು ಎಂದು 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲೆಕ್ಕಹಾಕಿತು. ಮೊದಲ ರಾತ್ರಿ ಕಣ್ಣಿನಲ್ಲಿ ತೀವ್ರ ನೋವು, ಗುಡ್ಡೆ ಮುಂದಕ್ಕೆ ಬಂದಂತೆ ಬಿಗಿತ, ದೃಷ್ಟಿ ಮಂದವಾಗುವುದು ಇವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕೂಡು ಕುಟುಂಬವಿಲ್ಲದ ನಗರದ ಮನೆಗಳಲ್ಲಿ ಆ ರಾತ್ರಿ ಜೊತೆಗೆ ಎಚ್ಚರವಿರಬಲ್ಲ ಒಬ್ಬರನ್ನು ಮುಂದಾಗಿಯೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಇದನ್ನು ಮಾಡತಕ್ಕವರು ಪ್ಲಾಸ್ಟಿಕ್ ಶಸ್ತ್ರವೈದ್ಯರು ಅಥವಾ ರೆಪ್ಪೆಯ ಶಸ್ತ್ರದಲ್ಲಿ ವಿಶೇಷ ತರಬೇತಿ ಪಡೆದ ನೇತ್ರವೈದ್ಯರು. ಚೆನ್ನೈಯ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಗಳಂಥ ಕಣ್ಣಿನ ಆಸ್ಪತ್ರೆಗಳಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗಗಳಿವೆ.

ವೆಚ್ಚದ ಮಾತು ಉಳಿಯಿತು. ಕೇವಲ ರೂಪಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯವಿಮೆ ಸಲ್ಲುವುದಿಲ್ಲ. ಪಾಲಿಸಿಯ ಹೊರಗಿಡುವ ಷರತ್ತುಗಳಲ್ಲಿ ಇದು ಸ್ಪಷ್ಟವಾಗಿ ನಮೂದಾಗಿರುತ್ತದೆ. ಇತರ ವೈದ್ಯಕೀಯ ಸೇವೆಗಳಿಗಿರುವ ಜಿ.ಎಸ್.ಟಿ. ವಿನಾಯಿತಿಯೂ ಸೌಂದರ್ಯ ಶಸ್ತ್ರಕ್ಕಿಲ್ಲವಾದ್ದರಿಂದ, ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂದು ಬರವಣಿಗೆಯಲ್ಲಿಯೇ ಪಡೆಯಬೇಕು. ಕೆಲವು ಕ್ಲಿನಿಕ್ಕುಗಳು ಕಂತಿನ ಸಾಲವನ್ನೂ ಒದಗಿಸುತ್ತವೆ. ‘ಬಡ್ಡಿಯಿಲ್ಲ’ವೆಂಬಲ್ಲಿ ಸಂಸ್ಕರಣಾ ಶುಲ್ಕವೆಷ್ಟೆಂದು ನೋಡಬೇಕು. ತುಂಬುವ ಚುಚ್ಚುಮದ್ದು ಒಂದು ಸಲಕ್ಕೆ ಅಗ್ಗವೆಂದು ತೋರಿದರೂ ಅದು ಮರುಕಳಿಸುವ ವೆಚ್ಚ, ಶಸ್ತ್ರಚಿಕಿತ್ಸೆ ಬಂಡವಾಳ ವೆಚ್ಚ. ಎರಡರ ಹತ್ತು ವರ್ಷದ ಮೊತ್ತವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಮೂರನೆಯ ಅಂಕಣದಲ್ಲಿ ಏನನ್ನೂ ಮಾಡಿಸದಿದ್ದರೆ ಉಳಿಯುವುದನ್ನು ಬರೆದು ನೋಡಬಹುದು. ಆ ಮೂರನೆಯ ಅಂಕಣವನ್ನು ಆರಿಸಿಕೊಳ್ಳುವವರೂ ಕಡಿಮೆಯೇನಲ್ಲ.