ಬೇಲಿಯೂ ಬೆಳೆಯೂ: ಒಂದು ವಿಶ್ವವಿದ್ಯಾನಿಲಯದ ಔಷಧ ಪೇಟೆಂಟುಗಳು

ಹೃದ್ರೋಗಿಗಳಿಗೆ ವೈದ್ಯರು ಕೊಡುವ ಮಾತ್ರೆಗಳಲ್ಲಿ ‘ವಾರ್ಫರಿನ್’ ಎಂಬುದೊಂದುಂಟು. ರಕ್ತನಾಳಗಳೊಳಗೆ ರಕ್ತವು ಹೆಪ್ಪುಗಟ್ಟದಂತೆ ತಡೆಯುವುದು ಅದರ ಗುಣ. ಔಷಧಗಳ ಹೆಸರುಗಳು ಸಾಮಾನ್ಯವಾಗಿ ಯಾವುದಾದರೊಂದು ಗಿಡದಿಂದಲೋ ರಾಸಾಯನಿಕ ಸಂಯುಕ್ತದಿಂದಲೋ ಬಂದಿರುತ್ತವೆ. ವಾರ್ಫರಿನ್ ಎಂಬ ಹೆಸರಿನ ಪೂರ್ವಾರ್ಧವಾದರೋ ಒಂದು ಸಂಸ್ಥೆಯಿಂದ ಬಂದದ್ದು. ‘ವಿಸ್ಕಾನ್ಸಿನ್ ಆಲಮ್ನೈ ರಿಸರ್ಚ್ ಫೌಂಡೇಶನ್’ ಎಂಬುದರ ಇಂಗ್ಲಿಷ್ ಆದ್ಯಕ್ಷರಗಳನ್ನು ಕೂಡಿಸಿ ಓದಿದರೆ ‘ವಾರ್ಫ್’ ಎಂದಾಗುತ್ತದೆ; ಅದಕ್ಕೆ ‘ಕೂಮರಿನ್’ ಎಂಬ ರಾಸಾಯನಿಕದ ಬಾಲವನ್ನು ಸೇರಿಸಿದರೆ ‘ವಾರ್ಫರಿನ್’. ಅಮೆರಿಕಾ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಶೋಧಗಳಿಗೆ ಪೇಟೆಂಟು ಪಡೆದು ಅವುಗಳನ್ನು ನೋಡಿಕೊಳ್ಳುವುದಕ್ಕಾಗಿಯೇ ಹುಟ್ಟಿದ ಸಂಸ್ಥೆ ಇದು. ವಿದ್ಯೆಯನ್ನು ಎಲ್ಲರಿಗೂ ಹಂಚಬೇಕಾದ ವಿದ್ಯಾಲಯಕ್ಕೆ ಪೇಟೆಂಟಿನ ಗೊಡವೆ ಏಕೆ? ಅದರಿಂದ ಲೋಕಕ್ಕೆ ಹಿತವಾಯಿತೋ ಅಹಿತವಾಯಿತೋ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಪೇಟೆಂಟು ಎಂದರೇನು?

ಹೊಸದೊಂದು ವಸ್ತುವನ್ನಾಗಲಿ ವಿಧಾನವನ್ನಾಗಲಿ ನಿರ್ಮಿಸಿದವನು ಅದರ ಗುಟ್ಟನ್ನು ಬರಹದ ಮೂಲಕ ಸರ್ಕಾರಕ್ಕೆ ಒಪ್ಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಸರ್ಕಾರವು, ಅವನ ಅನುಮತಿಯಿಲ್ಲದೆ ಬೇರೆ ಯಾರೂ ಅದನ್ನು ವ್ಯಾಪಾರಕ್ಕಾಗಿ ಬಳಸಕೂಡದೆಂದು ನಿಯತಕಾಲದ ಹಕ್ಕನ್ನು ಕೊಡುತ್ತದೆ. ಇಂದು ಬಹುತೇಕ ದೇಶಗಳಲ್ಲಿ ಈ ಕಾಲ ಅರ್ಜಿ ಸಲ್ಲಿಸಿದಂದಿನಿಂದ ೨೦ ವರ್ಷ. ಅವಧಿ ಮುಗಿದೊಡನೆ ಆ ಶೋಧ ಸರ್ವರ ಸೊತ್ತಾಗುತ್ತದೆ. ಪೇಟೆಂಟನ್ನು ನಾವು ಹೊಲದ ಸುತ್ತ ಕಟ್ಟಿದ ಬೇಲಿಗೆ ಹೋಲಿಸಬಹುದು. ಬೇಲಿಯಿಲ್ಲದ ಹೊಲವನ್ನು ಬೀಡಾಡಿ ದನಗಳು ಹಾಳುಮಾಡುತ್ತವೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಔಷಧಗಳ ವಿಷಯದಲ್ಲಿ ಈ ಸಂದೇಹ ಬಲವಾಗಿತ್ತು. ರೋಗಿಗೆ ಹಿತವಾದುದನ್ನು ಬಚ್ಚಿಡುವುದು ವೈದ್ಯಧರ್ಮಕ್ಕೆ ಸಲ್ಲದೆಂಬುದು ಹಿಂದಿನಿಂದ ಬಂದ ಭಾವನೆ. ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಇನ್ಸುಲಿನ್ ದೊರೆತಾಗ ಈ ಪ್ರಶ್ನೆ ಎದುರಾಯಿತು. ೧೯೨೨ರ ಜನವರಿಯಲ್ಲಿ, ಸಿಹಿಮೂತ್ರ ರೋಗದಿಂದ ಸಾಯುವ ಸ್ಥಿತಿಯಲ್ಲಿದ್ದ ೧೪ ವರ್ಷದ ಹುಡುಗನೊಬ್ಬನಿಗೆ ಅದನ್ನು ಚುಚ್ಚಲಾಯಿತು, ಅವನು ಚೇತರಿಸಿಕೊಂಡನು. ಮರುವರ್ಷ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು ವಿಜ್ಞಾನಿಗಳು ತಮ್ಮ ಪೇಟೆಂಟಿನ ಹಕ್ಕನ್ನು ತಲಾ ಒಂದೊಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಮಾರಿಬಿಟ್ಟರು. ಹಣದಾಸೆ ಇಲ್ಲದವರಿಗೆ ಪೇಟೆಂಟಾದರೂ ಏಕೆ ಬೇಕಿತ್ತು? ಮೊದಲನೆಯದಾಗಿ, ಇನ್ನೊಬ್ಬನು ಅದೇ ವಿಧಾನಕ್ಕೆ ಪೇಟೆಂಟು ಪಡೆದು ಬಾಗಿಲು ಮುಚ್ಚದಿರಲೆಂದು. ಎರಡನೆಯದಾಗಿ, ಇನ್ಸುಲಿನ್ನಿನ ಸತ್ತ್ವ ಕಡಿಮೆಯಾದರೆ ರೋಗ ಉಲ್ಬಣಿಸುತ್ತದೆ, ಹೆಚ್ಚಾದರೆ ರಕ್ತದ ಸಕ್ಕರೆ ಇಳಿದು ರೋಗಿ ಮೂರ್ಛೆಹೋಗುತ್ತಾನೆ. ತಯಾರಕರು ಮಾಡಿದ ಔಷಧವನ್ನು ಪರೀಕ್ಷಿಸಿ ಮಾರಾಟಕ್ಕೆ ಬಿಡುವ ಅಧಿಕಾರ ಯಾರಿಗಾದರೂ ಇರಬೇಕಿತ್ತು. ಅದನ್ನು ಪೇಟೆಂಟು ಒದಗಿಸಿತು.

ಬೆಳಕಿನಲ್ಲಿ ಅಡಗಿದ್ದ ಔಷಧ

ಸರಿಸುಮಾರು ಇದೇ ಕಾಲದಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವಿರುವ ಮ್ಯಾಡಿಸನ್ ನಗರದಲ್ಲಿ ಹ್ಯಾರಿ ಸ್ಟೀನ್‌ಬಾಕ್ ಎಂಬ ಜೀವರಸಾಯನ ವಿಜ್ಞಾನಿ ರಿಕೆಟ್ಸ್ ರೋಗವನ್ನು ಕುರಿತು ಶೋಧನೆ ನಡೆಸುತ್ತಿದ್ದನು. ಈ ರೋಗ ತಗುಲಿದ ಮಕ್ಕಳ ಮೂಳೆಗಳಲ್ಲಿ ಕ್ಯಾಲ್ಸಿಯಂ ಮತ್ತು ರಂಜಕಗಳು ಸರಿಯಾಗಿ ಸೇರುವುದಿಲ್ಲ. ಮೂಳೆ ಮೆತ್ತಗಾಗಿ, ಮಗು ನಡೆಯತೊಡಗಿದಾಗ ದೇಹದ ಭಾರಕ್ಕೆ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಹೊಗೆ ಮುಸುಕಿದ, ಬಿಸಿಲು ಅಪರೂಪವಾದ ಪಾಶ್ಚಾತ್ಯ ಕೈಗಾರಿಕಾ ನಗರಗಳಲ್ಲಿ ಬಡವರ ಮಕ್ಕಳನ್ನು ಇದು ಹಿಂಡುಹಿಂಡಾಗಿ ಕಾಡುತ್ತಿತ್ತು.

ಇದಕ್ಕೆ ಎರಡು ಚಿಕಿತ್ಸೆಗಳು ತಿಳಿದಿದ್ದವು. ಒಂದು, ಕಾಡ್ ಎಂಬ ಮೀನಿನ ಯಕೃತ್ತಿನ ಎಣ್ಣೆ. ಇನ್ನೊಂದು, ಬೆಳಕು. ೧೯೧೯ರಲ್ಲಿ ಬರ್ಲಿನ್ ನಗರದ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯನು ಪಾದರಸದ ದೀಪದಿಂದ ಹೊರಡುವ ಅತಿನೇರಳೆ ಕಿರಣಗಳನ್ನು ಮಕ್ಕಳ ಮೈಮೇಲೆ ಬೀಳಿಸಿ ರೋಗವನ್ನು ಗುಣಪಡಿಸಿದ್ದನು. ನುಂಗುವ ಎಣ್ಣೆಗೂ ಮೈಗೆ ಬೀಳುವ ಬೆಳಕಿಗೂ ಏನು ಸಂಬಂಧ? ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಒಂದೇ ರೋಗವನ್ನು ಎರಡು ಬೇರೆ ಬೇರೆ ಉಪಾಯಗಳು ಗುಣಪಡಿಸುವುದಾದರೆ, ಅವೆರಡೂ ಒಂದೇ ವಸ್ತುವನ್ನು ದೇಹಕ್ಕೆ ಒದಗಿಸುತ್ತಿರಬಹುದಲ್ಲವೇ?

ಸ್ಟೀನ್‌ಬಾಕ್ ರಿಕೆಟ್ಸ್ ಹಿಡಿದ ಇಲಿಗಳನ್ನು ಬೆಳಕಿಗೆ ಒಡ್ಡದೆ, ಅವುಗಳಿಗೆ ಹಾಕುವ ಆಹಾರವನ್ನು ಮಾತ್ರ ಅತಿನೇರಳೆ ಕಿರಣಗಳಿಗೆ ಒಡ್ಡಿದನು. ಆ ಆಹಾರವನ್ನು ತಿಂದ ಇಲಿಗಳು ಗುಣವಾದವು. ೧೯೨೪ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನ್ಯೂಯಾರ್ಕಿನ ಆಲ್ಫ್ರೆಡ್ ಹೆಸ್ ಎಂಬ ವೈದ್ಯನೂ ಸ್ವತಂತ್ರವಾಗಿ ಅದೇ ಕಾಲದಲ್ಲಿ ಇದೇ ನಿರ್ಣಯಕ್ಕೆ ಬಂದಿದ್ದನು. ಇದರ ಒಳಮರ್ಮ ಮುಂದೆ ಸ್ಪಷ್ಟವಾಯಿತು. ಯೀಸ್ಟಿನಲ್ಲಿಯೂ ಅಣಬೆಗಳಲ್ಲಿಯೂ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ನಮ್ಮ ಚರ್ಮದಲ್ಲಿ ಅದಕ್ಕೆ ಹೋಲುವ ಇನ್ನೊಂದು ವಸ್ತುವಿದೆ. ಅತಿನೇರಳೆ ಕಿರಣ ತಾಕಿದಾಗ ಈ ಅಣುಗಳಲ್ಲಿನ ಒಂದು ಬಂಧ ಮುರಿದು, ಅವು ‘ಡಿ’ ಜೀವಸತ್ತ್ವವಾಗಿ ಮಾರ್ಪಡುತ್ತವೆ. ಕರುಳಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ನೆರವಾಗುವುದು ಈ ಜೀವಸತ್ತ್ವವೇ. ಮೀನಿನೆಣ್ಣೆಯಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ.

ಪ್ರತಿಷ್ಠಾನದ ಹುಟ್ಟು

ಸ್ಟೀನ್‌ಬಾಕ್ ಸ್ವಂತ ಹಣ ತೆತ್ತು ಪೇಟೆಂಟಿಗೆ ಅರ್ಜಿ ಹಾಕಿದನು. ಓಟ್ಸ್ ಧಾನ್ಯದ ತಿಂಡಿಗಳನ್ನು ತಯಾರಿಸುವ ಕ್ವೇಕರ್ ಓಟ್ಸ್ ಕಂಪನಿಯು ಈ ಹಕ್ಕು ತನ್ನೊಬ್ಬಳಿಗೇ ಸೇರುವುದಾದರೆ ಹತ್ತು ಲಕ್ಷ ಡಾಲರುಗಳ ಆಸುಪಾಸಿನ ಮೊತ್ತವನ್ನು ಕೊಡಲು ಮುಂದೆಬಂದಿತು. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಸಂಪತ್ತು. ಸ್ಟೀನ್‌ಬಾಕ್ ಒಪ್ಪಲಿಲ್ಲ. ಹಕ್ಕು ಒಂದೇ ಕಂಪನಿಯ ಕೈಸೇರಬಾರದು, ಸತ್ತ್ವವಿಲ್ಲದ ಸರಕನ್ನು ಮಾರಿ ತಾಯಂದಿರನ್ನು ವಂಚಿಸಲು ಯಾರಿಗೂ ಎಡೆಯಿರಬಾರದು, ಬಂದ ಹಣ ಮತ್ತೆ ಸಂಶೋಧನೆಗೇ ಸಲ್ಲಬೇಕು ಎಂಬುದು ಅವನ ಅಭಿಪ್ರಾಯವಾಗಿತ್ತು. ವಿಶ್ವವಿದ್ಯಾನಿಲಯವು ತಾನೇ ವ್ಯಾಪಾರಕ್ಕೆ ಇಳಿಯುವುದು ಸರಿಕಾಣದಿದ್ದುದರಿಂದ, ಹಳೆಯ ವಿದ್ಯಾರ್ಥಿಗಳು ಸೇರಿ ೧೯೨೫ರ ನವೆಂಬರಿನಲ್ಲಿ ಪ್ರತ್ಯೇಕ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ನಾವು ಮೊದಲಲ್ಲಿ ಹೇಳಿದ ‘ವಾರ್ಫ್’ ಎಂಬುದು ಇದೇ. ಪೇಟೆಂಟು ೧೯೨೮ರಲ್ಲಿ ಮಂಜೂರಾಯಿತು.

ಪ್ರತಿಷ್ಠಾನವು ಆಹಾರ ಮತ್ತು ಔಷಧ ತಯಾರಕರು ಹಲವರಿಗೆ ಪರವಾನಗಿ ಕೊಟ್ಟು, ಅವರು ತಯಾರಿಸಿದ ವಸ್ತುಗಳಲ್ಲಿ ಜೀವಸತ್ತ್ವ ಸಾಕಷ್ಟಿದೆಯೇ ಎಂಬುದನ್ನು ಪರೀಕ್ಷಿಸುವ ಏರ್ಪಾಟನ್ನೂ ಮಾಡಿತು. ‘ಡಿ’ ಜೀವಸತ್ತ್ವ ಸೇರಿದ ಹಾಲು ಮನೆಮನೆಗೂ ಬಂದ ಮೇಲೆ ಅಮೆರಿಕಾದ ನಗರಗಳಲ್ಲಿ ರಿಕೆಟ್ಸ್ ಅಪರೂಪವಾಯಿತು. ಪರವಾನಗಿಯ ಹಣ ವಿಶ್ವವಿದ್ಯಾನಿಲಯದ ಸಂಶೋಧನೆಗೆ ಹರಿಯಿತು. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆ ನೆರವಿನಿಂದ ಅಲ್ಲಿನ ಪ್ರಯೋಗಶಾಲೆಗಳ ಕೆಲಸ ಮುಂದುವರಿಯಿತು. ಇಲ್ಲಿಯವರೆಗೆ ಬೇಲಿಯು ಬೆಳೆಯನ್ನು ಕಾಯಿತು.

ಬಡವರ ಬೆಣ್ಣೆ

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ವಿಸ್ಕಾನ್ಸಿನ್ ಹಾಲು ಬೆಣ್ಣೆಗಳಿಗೆ ಹೆಸರಾದ ಸೀಮೆ. ಹೈನುಗಾರರೇ ಅಲ್ಲಿನ ಬೆನ್ನೆಲುಬು. ಬೆಣ್ಣೆಗೆ ಪ್ರತಿಸ್ಪರ್ಧಿಯಾಗಿ ಮಾರ್ಗರೀನ್ ಎಂಬ ಕೃತಕ ಬೆಣ್ಣೆ ಪೇಟೆಗೆ ಬಂದಿತ್ತು. ಅದರ ಬೆಲೆ ಕಡಿಮೆ. ಬೆಣ್ಣೆ ಕೊಳ್ಳಲಾರದವರ ಆಹಾರ ಅದು. ಮಾರ್ಗರೀನಿಗೆ ‘ಡಿ’ ಜೀವಸತ್ತ್ವವನ್ನು ಸೇರಿಸಿದರೆ ಬೆಣ್ಣೆಯ ವ್ಯಾಪಾರಕ್ಕೆ ಪೆಟ್ಟು ಬೀಳುವುದೆಂದು ಸ್ಟೀನ್‌ಬಾಕ್ ಅಂಜಿದ್ದನು. ಪ್ರತಿಷ್ಠಾನವು ಮಾರ್ಗರೀನ್ ತಯಾರಕರಿಗೆ ಪರವಾನಗಿ ಕೊಡಲಿಲ್ಲ. ರಿಕೆಟ್ಸ್ ಹೆಚ್ಚಾಗಿ ಯಾರ ಮನೆಯ ಮಕ್ಕಳಿಗೆ ಬರುತ್ತಿತ್ತೋ ಅವರ ತಟ್ಟೆಗೇ ಈ ಔಷಧ ಬೀಳದಂತಾಯಿತು.

ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಮೇಲೆ ಪ್ರತಿಷ್ಠಾನ ಹೂಡಿದ ದಾವೆ ಅಪೀಲು ನ್ಯಾಯಾಲಯದ ಮುಂದೆ ಬಂದಾಗ ಈ ಸಂಗತಿ ಬಯಲಿಗೆ ಬಂದಿತು. ೧೯೪೫ರಲ್ಲಿ ಆ ನ್ಯಾಯಾಲಯವು ಸ್ಟೀನ್‌ಬಾಕನ ಪೇಟೆಂಟುಗಳು ಊರ್ಜಿತವಲ್ಲವೆಂದು ತೀರ್ಪಿತ್ತಿತು. ಬಡವರ ಆಹಾರಕ್ಕೆ ಔಷಧವನ್ನು ನಿರಾಕರಿಸಿದುದು ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಸಂಗತಿಯೆಂಬ ವಿಚಾರವೂ ಅಲ್ಲಿ ಚರ್ಚೆಗೆ ಬಂದಿತು. ಮುಂದೆ ಪ್ರತಿಷ್ಠಾನವು ಆ ಪೇಟೆಂಟುಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹತ್ತು ಲಕ್ಷ ಡಾಲರನ್ನು ನಿರಾಕರಿಸಿದ ಸಜ್ಜನನ ಕೈಯಲ್ಲಿದ್ದ ಹಕ್ಕು ಕೂಡ ಹೀಗೆ ದಾರಿತಪ್ಪಬಹುದೆಂಬುದನ್ನು ನಾವು ಮರೆಯಬಾರದು.

ಹಾಲಿನ ಕ್ಯಾನಿನಲ್ಲಿ ಬಂದ ರಕ್ತ

ಇನ್ನು ವಾರ್ಫರಿನ್ನಿನ ಕಥೆ. ೧೯೩೩ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತನು ಹಿಮದ ಬಿರುಗಾಳಿಯಲ್ಲಿ ಸುಮಾರು ೧೯೦ ಮೈಲಿ ಗಾಡಿ ಓಡಿಸಿಕೊಂಡು ಮ್ಯಾಡಿಸನ್ನಿಗೆ ಬಂದನು. ಅವನ ಗಾಡಿಯಲ್ಲಿ ಸತ್ತ ಕಡಸೊಂದು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತು ದನಗಳು ತಿಂದಿದ್ದ ಬೂಸಲು ಹಿಡಿದ ಒಣಹುಲ್ಲಿನ ಹೊರೆ ಇದ್ದವು. ಅವನ ದನಗಳು ಒಂದೊಂದಾಗಿ ರಕ್ತಸ್ರಾವದಿಂದ ಸಾಯುತ್ತಿದ್ದವು. ಅವನು ಅಕಸ್ಮಾತ್ತಾಗಿ ಸೇರಿದ್ದು ಕಾರ್ಲ್ ಪಾಲ್ ಲಿಂಕ್ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಶಾಲೆಯನ್ನು. ಲಿಂಕನಲ್ಲಿ ಆ ದಿನ ಕೊಡಲು ಮದ್ದು ಇರಲಿಲ್ಲ. ಆ ಹುಲ್ಲನ್ನು ದನಗಳಿಗೆ ಹಾಕಬೇಡವೆಂದಷ್ಟೇ ಹೇಳಬಲ್ಲವನಾಗಿದ್ದನು. ಆದರೆ ಆ ಕ್ಯಾನು ಅವನ ಪ್ರಯೋಗಶಾಲೆಗೆ ಹಲವು ವರ್ಷಗಳ ಕೆಲಸವನ್ನು ಒದಗಿಸಿತು.

‘ಸ್ವೀಟ್ ಕ್ಲೋವರ್’ ಎಂಬ ಆ ಮೇವಿನ ಗಿಡದಲ್ಲಿ ಸುವಾಸನೆಯುಳ್ಳ ಕೂಮರಿನ್ ಇರುತ್ತದೆ. ಅದರಿಂದ ಕೇಡಿಲ್ಲ. ಬೂಸಲು ಹಿಡಿದಾಗ ಮಾತ್ರ ಅದು ಡೈಕೂಮರಾಲ್ ಎಂಬ ಬೇರೊಂದು ವಸ್ತುವಾಗುತ್ತದೆ. ಲಿಂಕನ ತಂಡವು ೧೯೩೯ರಲ್ಲಿ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ತಯಾರಿಸುವಾಗ ‘ಕೆ’ ಜೀವಸತ್ತ್ವದ ನೆರವು ಬೇಕು. ಈ ವಸ್ತುವು ಆ ಜೀವಸತ್ತ್ವ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತದೆ. ಇದೇ ಜಾತಿಯ ಹೆಚ್ಚು ಪ್ರಬಲವಾದ ಸಂಯುಕ್ತವೊಂದು ೧೯೪೮ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದಿತು. ಅದೇ ವಾರ್ಫರಿನ್, ಅದರ ಪೇಟೆಂಟೂ ಪ್ರತಿಷ್ಠಾನಕ್ಕೇ ಸೇರಿತು. ೧೯೫೪ರಲ್ಲಿ ಮನುಷ್ಯರ ಚಿಕಿತ್ಸೆಗೂ ಅದಕ್ಕೆ ಒಪ್ಪಿಗೆ ದೊರೆಯಿತು. ಮರುವರ್ಷ ಹೃದಯಾಘಾತಕ್ಕೆ ಗುರಿಯಾದ ಅಮೆರಿಕಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಡಲಾಯಿತು. ಪ್ರಮಾಣದಲ್ಲಿದ್ದರೆ ಮದ್ದು, ಮೀರಿದರೆ ವಿಷ. ಆದುದರಿಂದಲೇ ವಾರ್ಫರಿನ್ ಸೇವಿಸುವವರ ರಕ್ತವನ್ನು ಆಗಾಗ ಪರೀಕ್ಷಿಸುತ್ತಾರೆ. ಪೇಟೆಂಟಿನ ಅವಧಿ ಎಂದೋ ಮುಗಿದಿರುವ ಈ ಔಷಧವನ್ನು ಇಂದು ಅನೇಕ ಕಂಪನಿಗಳು ಅಗ್ಗವಾಗಿ ತಯಾರಿಸುತ್ತಿವೆ.

ಇಂದಿನ ಪ್ರಶ್ನೆ

ವಿಸ್ಕಾನ್ಸಿನ್ ತುಳಿದ ಹಾದಿ ಮುಂದೆ ಹೆದ್ದಾರಿಯಾಯಿತು. ೧೯೮೦ರಲ್ಲಿ ಅಮೆರಿಕಾದಲ್ಲಿ ಅಂಗೀಕಾರವಾದ ಬೇ-ಡೋಲ್ ಕಾಯಿದೆಯು ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾನಿಲಯಗಳೇ ಇಟ್ಟುಕೊಳ್ಳಲು ಅವಕಾಶ ಮಾಡಿಕೊಟ್ಟಿತು. ನಮ್ಮ ದೇಶದ ೧೯೭೦ರ ಕಾಯಿದೆಯು ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟು ಕೊಟ್ಟು, ಔಷಧಕ್ಕೇ ಕೊಡುತ್ತಿರಲಿಲ್ಲ. ೨೦೦೫ರಿಂದ ಔಷಧಕ್ಕೂ ಪೇಟೆಂಟು ದೊರೆಯುತ್ತಿದೆ. ಆದರೂ ಜನರಿಗೆ ಔಷಧ ಎಟುಕುವ ಬೆಲೆಗೆ ಸಿಗದಿದ್ದಲ್ಲಿ ಇನ್ನೊಬ್ಬ ತಯಾರಕನಿಗೆ ಕಡ್ಡಾಯವಾಗಿ ಪರವಾನಗಿ ಕೊಡಿಸುವ ಅಧಿಕಾರವನ್ನು ಕಾನೂನು ಉಳಿಸಿಕೊಂಡಿದೆ.

ಹಾಗಾದರೆ ವಿದ್ಯಾಲಯಗಳು ಪೇಟೆಂಟು ಪಡೆಯುವುದು ಸರಿಯೋ ತಪ್ಪೋ? ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಇನ್ಸುಲಿನ್ನಿನ ಸತ್ತ್ವವನ್ನು ಕಾದದ್ದೂ ಪೇಟೆಂಟೇ, ಬಡವರ ಬೆಣ್ಣೆಯಿಂದ ಜೀವಸತ್ತ್ವವನ್ನು ದೂರವಿಟ್ಟದ್ದೂ ಪೇಟೆಂಟೇ. ಆದುದರಿಂದ ಇಂಥ ಸುದ್ದಿಯನ್ನು ಓದಿದಾಗಲೆಲ್ಲ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಪರವಾನಗಿ ಒಬ್ಬರಿಗೋ ಹಲವರಿಗೋ? ಬಂದ ಹಣ ಎಲ್ಲಿಗೆ ಹೋಗುತ್ತದೆ? ಯಾರಿಗೆ ಆ ಔಷಧ ಎಲ್ಲರಿಗಿಂತ ಹೆಚ್ಚು ಬೇಕೋ ಅವರು ಬೇಲಿಯ ಒಳಗಿದ್ದಾರೆಯೋ ಹೊರಗಿದ್ದಾರೆಯೋ? ಮೂರನೆಯ ಪ್ರಶ್ನೆಗೆ ಸಿಗುವ ಉತ್ತರವೇ ಉಳಿದೆರಡರ ಬೆಲೆಯನ್ನು ನಿರ್ಣಯಿಸುತ್ತದೆ.